ಹೆಸರು ಹೇಳದ ಮನೆ

ಗಂಟೆ ಒತ್ತಿದ ಮೇಲೆ ಬಾಗಿಲು ತೆರೆಯುವವರೆಗಿನ ಸ್ವಲ್ಪ ಹೊತ್ತಿನಲ್ಲಿ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ನಡೀನ್ ಕ್ರೆನೆಕ್‌ಗೆ ಈ ವಯಸ್ಸಿನಲ್ಲೂ ತಿಳಿದಿರಲಿಲ್ಲ. ಹಲ್ಲಿನ ಡಾಕ್ಟರರ ಕಚೇರಿಯಲ್ಲಿ ಅರ್ಧ ಆಯುಷ್ಯ ಮೇಜಿನ ಹಿಂದೆ ಕೂತು, ಕೆನ್ನೆ ಹಿಡಿದುಕೊಂಡು ಬಂದವರಿಗೆಲ್ಲ ನಗುನಗುತ್ತ ಕುರ್ಚಿ ತೋರಿಸಿದವಳು ಅವಳು. ಆದರೆ ಅಲ್ಲಿ ಜನ ತಾವಾಗಿ ಅವಳ ಬಳಿಗೆ ಬರುತ್ತಿದ್ದರು. ಇಲ್ಲಿ ಅವಳೇ ಬೇರೆಯವರ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದಾಳೆ. ಸೆಪ್ಟೆಂಬರ್ ಬಂದರೂ ಹ್ಯೂಸ್ಟನ್ನಿನ ಬಿಸಿಲು ಇಳಿದಿರಲಿಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೆಗಲಲ್ಲಿ ಚೆಕ್ಕುಗಳನ್ನು ಹಾಕಿಕೊಳ್ಳಲು ಬಟ್ಟೆಯ ಚೀಲ, ಕಂಕುಳಲ್ಲಿ ತಂತಿಯ ಕಾಲುಗಳ ಹಸಿರು ಹಲಗೆಗಳ ಕಟ್ಟು. ದುಡ್ಡು ಕೊಟ್ಟವರ ಮನೆಯ ಮುಂದಿನ ಹುಲ್ಲಿನಲ್ಲಿ ಒಂದೊಂದು ಹಲಗೆ ಚುಚ್ಚಿ ಬರಬೇಕು. 'ಪೆಕನ್ ಬೆಂಡ್ ಉಳಿಸಲು ನಾನೂ ಕೈಜೋಡಿಸಿದ್ದೇನೆ' ಎಂದು ಬಡಾವಣೆಯ ಹೆಸರು ಹಾಕಿ ಅದರ ಮೇಲೆ ಬರೆದಿತ್ತು. ಯಾರಿಂದ ಉಳಿಸುವುದು ಎಂದು ಬರೆದಿರಲಿಲ್ಲ.

ಬಾಗಿಲು ತೆರೆದವಳು ಹೊಸಬಳು, ಬೇಸಿಗೆಯ ಮೊದಲಲ್ಲಿ ಬಂದವಳು, ಕೋರಾ ಎಂದೇನೋ ಹೆಸರು. ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡಿದ್ದಳು. ನಡೀನ್ ಕಲಿತ ಪಾಠ ಒಪ್ಪಿಸಿದಳು: ನಮ್ಮದು ಐಚ್ಛಿಕ ಸಂಘ, ಬೇಕಾದವರು ಸೇರಬಹುದು, ಬೇಡವಾದವರು ಬಿಡಬಹುದು, ಆದರೆ ಮನೆಯ ಮುಂದೆ ಏನು ಕಟ್ಟಬಾರದು, ಏನು ನಿಲ್ಲಿಸಬಾರದು ಎಂದು ಮನೆಪತ್ರದ ಜೊತೆಗೆ ಬಂದ ಕರಾರು ಮಾತ್ರ ಎಲ್ಲರ ಮೇಲೂ ಇದೆ, ಅದನ್ನು ಮುರಿದವರನ್ನು ಕೇಳಬೇಕಾದರೆ ಕೋರ್ಟಿಗೇ ಹೋಗಬೇಕು, ಅದಕ್ಕಾಗಿ ಈ ಕಾನೂನು ನಿಧಿ. ಹೊಸಬಳು ಪೂರ್ತಿ ಕೇಳಲೇ ಇಲ್ಲ.

"ಕೊಡ್ತೀನಿ, ಖಂಡಿತ ಕೊಡ್ತೀನಿ. ಯಾವ ಮನೆ ಅಂತ ನೀವು ಹೇಳೋ ಹಾಗಿಲ್ಲ ಅಲ್ವಾ? ಹೇಳ್ಬೇಡಿ. ನಂಗೊತ್ತು. ಆ ಟ್ರೇಲರ್ ತಾನೇ?"

"ಯಾವುದು?"

"ಈ ರಸ್ತೆ ಕೊನೇಲಿ, ಹಳದಿ ಇಟ್ಟಿಗೆ ಮನೆ. ಮುಂದೇನೇ ಟ್ರೇಲರ್ ನಿಲ್ಲಿಸ್ಕೊಂಡು, ಒಬ್ಬ ಮುದುಕ ಚಡ್ಡೀಲಿ ಕೂತು ಬೀನ್ಸ್ ಬಿಡಿಸ್ತಿರ್ತಾನಲ್ಲ, ರೇಡಿಯೋ ಹಾಕ್ಕೊಂಡು? ನಮ್ಮತ್ತೆ ಬಂದಾಗ ದಾರಿ ಹೇಗೆ ಹೇಳಿದೆ ಗೊತ್ತಾ? ಟ್ರೇಲರ್ ಕಂಡ್ರೆ ಮುಂದೆ ಬಂದ್ಬಿಟ್ಟಿದೀರಿ ಅಂತ ತಿಳ್ಕೊಂಡು ಹಿಂದಕ್ಕೆ ತಿರುಗಿಸಿ, ಅಂದೆ!"

ಕೋರಾ ನಕ್ಕಳು. ನಡೀನ್ ಕೂಡ ನಕ್ಕಳು. ಹಲ್ಲಿನ ಡಾಕ್ಟರರ ಕಚೇರಿಯ ನಗು, ತನ್ನಿಂದ ತಾನೇ ಬಂದುಬಿಟ್ಟಿತು. ಹಳದಿ ಇಟ್ಟಿಗೆಯ ಮನೆ ಅವಳದು. ಬೀನ್ಸ್ ಬಿಡಿಸುವ ಮುದುಕ ಅವಳ ತಮ್ಮ ಎಮಿಲ್, ಗಾಲಿಮನೆಯಂಥ ಆ ಟ್ರೇಲರಿನಲ್ಲೇ ಅವನ ವಾಸ. ಮುದುಕ! ಅವನಿಗೂ ಅವಳಿಗೂ ಎರಡೇ ವರ್ಷದ ಅಂತರ. ಅದು ನನ್ನ ಮನೆ ಎಂದು ಹೇಳಲು ಒಂದು ಕ್ಷಣ ಸಾಕಿತ್ತು, ಆ ಕ್ಷಣ ಹೋಗಿಯೂ ಬಿಟ್ಟಿತು. ಚೆಕ್ಕು ಚೀಲಕ್ಕೆ ಬಿತ್ತು. ಅವಳು ಬಗ್ಗಿ ಹೊಸಬಳ ಹುಲ್ಲಿನಲ್ಲಿ ಹಲಗೆ ಚುಚ್ಚಿದಳು, ಥ್ಯಾಂಕ್ಸ್ ಎಂದಳು, ಇನ್ನೊಮ್ಮೆ ನಕ್ಕಳು.

ರಸ್ತೆಗೆ ಬಂದ ಮೇಲೆ ಕಾಲು ಮುಂದೆ ಹೋಗಲಿಲ್ಲ. ಪಕ್ಕದ ಮನೆಯ ಪೆಕನ್ ಮರದ ನೆರಳಿನಲ್ಲಿ, ಯಾರನ್ನೋ ಕಾಯುತ್ತಿರುವವಳಂತೆ ನಿಂತಳು. ಅಲ್ಲಿಂದ ತನ್ನ ಮನೆ ಕಾಣುತ್ತಿತ್ತು. ದಿನವೂ ನೋಡುವುದೇ, ಆದರೆ ಅವಳು ಅದನ್ನು ಯಾವಾಗಲೂ ಒಳಗಿನಿಂದ ನೋಡುತ್ತಿದ್ದಳು: ಅಡುಗೆಮನೆಯ ಕಿಟಕಿ, ಕಿಟಕಿಯಿಂದ ಟ್ರೇಲರಿಗೆ ಹೋದ ಕರೆಂಟಿನ ವಯರು, ಆಚೆ ಎಮಿಲ್‌ನ ಬೋಳುತಲೆ. ಈಗ ಹೊರಗಿನಿಂದ ನೋಡಿದರೆ ಅಲ್ಲಿ ಮನೆಯೇ ಇರಲಿಲ್ಲ. ಟ್ರೇಲರ್ ಇತ್ತು, ಅದರ ಹಿಂದೆ ಒಂದಿಷ್ಟು ಹಳದಿ ಇಟ್ಟಿಗೆ ಇತ್ತು. ಒಂದು ಗಾಲಿಯ ಕೆಳಗೆ ಕಲ್ಲು, ಹಗ್ಗದ ಮೇಲೆ ಅವನ ಒಳಚಡ್ಡಿ. ಎರಡೇ ತಿಂಗಳು, ನಡೀ, ಎಂದು ಚಿಕ್ಕಂದಿನ ಹಾಗೆ ಅವಳ ಹೆಸರನ್ನು ಮೊಟಕು ಮಾಡಿ ಅಂದಿದ್ದ. ಹೊಳೆ ನೀರು ಅವನ ಮನೆಯನ್ನು ಕೊಚ್ಚಿಕೊಂಡು ಹೋಗಿ, ಮುಂಬಾಗಿಲ ಸಿಮೆಂಟಿನ ಮೆಟ್ಟಿಲು ಮಾತ್ರ ಉಳಿದಿದ್ದ ವಾರ ಅದು. ಅವನನ್ನು ತಬ್ಬಿಕೊಂಡು, ಎರಡು ತಿಂಗಳು ಯಾಕೋ, ಇರೋ, ಅಂದವಳು ಅವಳೇ. ಅದು ಸುಳ್ಳಾಗಿರಲಿಲ್ಲ. ಆಮೇಲೆ ಎರಡು ಬೇಸಿಗೆ ಕಳೆದವು. ಬೆಳಗಿನ ಜಾವ ಅವನ ಕೆಮ್ಮು, ಅಡುಗೆಮನೆಯಲ್ಲಿ ಅವನ ಚಪ್ಪಲಿಯ ಮಣ್ಣು, ಅಮ್ಮ ಮಾಡುತ್ತಿದ್ದ ಗಸಗಸೆಯ ಸಿಹಿ ಬನ್ನು ಕೊಲಾಚಿಯನ್ನು ಇವಳು ಮಾಡಿದಾಗಲೆಲ್ಲ 'ಅಮ್ಮಂದು ಇನ್ನೂ ಮೆತ್ತಗಿರ್ತಿತ್ತು' ಎನ್ನುವ ಅವನ ಮಾತು. ಒಂದು ದಿನ ಪಾತ್ರೆ ತೊಳೆಯುತ್ತ, ಇವನು ಯಾವಾಗ ಹೋಗುತ್ತಾನಪ್ಪ ದೇವರೇ ಎಂದು ಅಂದುಕೊಂಡದ್ದು ನೆನಪಾಯಿತು. ಅಂದುಕೊಂಡು, ಕೂಡಲೇ ಪಾಪಪ್ರಜ್ಞೆಯಿಂದ ಅವನಿಗೊಂದು ಕಡುಬು ಜಾಸ್ತಿ ಬಡಿಸಿದ್ದಳು.

ಟ್ರೇಲರನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ ಎಂದು ಅವಳು ನಂಬಿದ್ದಳು. ಹೋದ ತಿಂಗಳು ಅಧ್ಯಕ್ಷ ಹೋಲಿಸ್ ಬ್ರಾಂಡ್ಟ್‌ನ ಊಟದ ಮೇಜಿನ ಸುತ್ತ ಕಮಿಟಿ ಕೂತಿದ್ದಾಗಲೂ ಹಾಗೆಯೇ ನಂಬಿದ್ದಳು. ಹೋಲಿಸ್ ಪೈಪಿನ ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತನಾದವನು, ಮೇಜಿನ ಮೇಲೆ ಬೆರಳು ಬಡಿಯುತ್ತ ಮಾತಾಡುವವನು. "ನಮ್ಮ ಸಂಘಕ್ಕೆ ಹಲ್ಲಿಲ್ಲ ಅಂತ ಎಲ್ರಿಗೂ ಗೊತ್ತು," ಅಂದಿದ್ದ. "ಎಲ್ಲರ ಮೇಲೂ ಕೇಸ್ ಹಾಕೋಕೆ ದುಡ್ಡು ಎಲ್ಲಿಂದ ಬರುತ್ತೆ? ಒಂದೇ ಒಂದು ಮನೆ. ಒಂದನ್ನ ಕೋರ್ಟಿಗೆ ಎಳೆದು ಗೆದ್ರೆ ಸಾಕು, ಮಿಕ್ಕಿದ್ದೆಲ್ಲ ತಾವಾಗೇ ನೆಟ್ಟಗಾಗ್ತವೆ." ಅವನು ಕರೆಸಿದ್ದ ವಕೀಲ ಕಾಫಿ ಮುಟ್ಟದೆ ಒಂದು ಮಾತು ಹೇಳಿದ್ದ: "ಮೊದ್ಲು ನಿಮ್ಮ ನಿಮ್ಮ ಅಂಗಳ ನೋಡ್ಕೊಳ್ಳಿ. ಕಮಿಟಿಯವರ ಮನೇಲೇ ಕರಾರು ಮುರಿದಿದ್ರೆ, ಬೇರೆಯವರನ್ನ ಕೇಳೋಕೆ ನೀವ್ಯಾರು ಅಂತಾರೆ ಜಡ್ಜ್. ಕೇಸು ಅಲ್ಲಿಗೆ ಮುಗೀತು." ಎಲ್ಲರೂ ಚಮಚ ತೆಗೆದುಕೊಂಡು ಕಾಫಿ ಕಲಕತೊಡಗಿದರು. ಸಕ್ಕರೆ ಹಾಕಿಕೊಳ್ಳದವರೂ ಕಲಕಿದರು. ಕಾರ್ಯದರ್ಶಿಯಾದ ಅವಳ ಕಡೆಗೆ ಯಾರೂ ನೋಡಲಿಲ್ಲ. ಅದನ್ನೇ ಅವಳು ದೊಡ್ಡತನವೆಂದು ತಿಳಿದಿದ್ದಳು. ಮನೆ ಕಳೆದುಕೊಂಡ ಮನುಷ್ಯನ ಟ್ರೇಲರಿಗೆ ಇವರು ಕಣ್ಣು ಮುಚ್ಚಿಕೊಂಡಿದ್ದಾರೆ, ಎಷ್ಟು ಒಳ್ಳೆಯ ಜನ ಎಂದು ಅವಳಿಗೆ ಕಣ್ಣು ತುಂಬಿ ಬಂದಿತ್ತು ಕೂಡ. ಅಷ್ಟರಲ್ಲಿ ಹೋಲಿಸ್, "ಫಾಂಟೆನೋನ ತಗಡಿನ ಚಪ್ಪರ. ಕರಾರಿನ ಗೆರೆ ದಾಟಿ ರಸ್ತೆ ಕಡೆಗೆ ಬಂದಿದೆ. ಯಾರ್ಯಾರು ಒಪ್ತೀರಿ?" ಎಂದ. ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ಅವಳದು. ಕೈ ಗಾಳಿಯಲ್ಲಿರುವಾಗಲೇ ನೆನಪಾಗಿತ್ತು: ಎದುರುಮನೆಯ ಓಡೆಲ್ ಫಾಂಟೆನೋ ಆ ಚಪ್ಪರವನ್ನು ತಾನೇ ಬೆಸುಗೆ ಹಾಕಿ ನಿಲ್ಲಿಸಿದ ದಿನ, ಹೇಗಿದೆ ಮಿಸ್ ನಡೀನ್ ಎಂದು ಕೇಳಿದ್ದ, ಚೆನ್ನಾಗಿದೆ ಎಂದಿದ್ದಳು. ನೆನಪಾದರೂ ಕೈ ಇಳಿಸಿರಲಿಲ್ಲ. ಯಾರ ಮನೆಯೆಂದು ಹೊರಗೆ ಬಾಯಿ ಬಿಡಬಾರದು ಎಂದು ಹೋಲಿಸ್ ತಾಕೀತು ಮಾಡಿದ್ದ. "ಹೆಸರು ಹೇಳಿದ್ರೆ ಅವನ ಕಡೆಯವರು ಕೊಡಲ್ಲ. ಹೇಳ್ದಿದ್ರೆ ಎಲ್ರೂ ಕೊಡ್ತಾರೆ. ಪ್ರತಿಯೊಬ್ಬನ ಕಣ್ಣಿಗೂ ಒಂದೊಂದು ಮನೆ ಚುಚ್ತಿರುತ್ತೆ, ಅದಕ್ಕೇ ಅಂದ್ಕೊಂಡು ಕೊಡ್ಲಿ ಬಿಡಿ."

ಬೆಂಚು ಹಾಕಿಸಬೇಕು ಎಂದಾಗ, ಬೀದಿಯ ಮೂಲೆಗೆ ದೀಪ ಬೇಕು ಎಂದಾಗ ಬಾಗಿಲು ಅರ್ಧ ತೆರೆದು ಹಾಗೆಯೇ ಮುಚ್ಚಿದ್ದ ಜನ ಇವತ್ತು ಪೂರ್ತಿ ತೆರೆಯುತ್ತಿದ್ದರು, ಒಳಗೆ ಕರೆದು ತಣ್ಣನೆಯ ಚಹಾ ಕೊಡುತ್ತಿದ್ದರು. ನಾಯಿಗಳ ಮನೆ ತಾನೇ ಎಂದು ಒಬ್ಬರು, ಕೋಳಿ ಸಾಕಿದವರ ಮೇಲೆ ತಾನೇ ಎಂದು ಇನ್ನೊಬ್ಬರು. ಅವಳು ತುಟಿಗೆ ಬೆರಳಿಟ್ಟುಕೊಂಡು ನಕ್ಕು ಮುಂದೆ ಹೋಗಿದ್ದಳು. ಅದು ಬೆಳಗ್ಗೆ ತಮಾಷೆಯಾಗಿತ್ತು. ಕೆಲವರು ಮಾತ್ರ ಹೆಸರೇ ಎತ್ತದೆ, ಅವಳ ಮುಖವನ್ನು ನೋಡದೆ, ಬೇಗ ಬೇಗ ಚೆಕ್ಕು ಬರೆದು ಕೊಟ್ಟಿದ್ದರು. ಅವರು ಬಡಾವಣೆಯ ಹಳಬರು, ಅವಳ ಮನೆ ಯಾವುದೆಂದು ಗೊತ್ತಿದ್ದವರು. ಈಗ ಆ ಒಂದೊಂದು ಮುಖವೂ ಬಿಸಿಲಿನಲ್ಲಿ ಎದ್ದು ಬಂದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನದು ಎಂದುಕೊಂಡಳು. ಇಲ್ಲ, ಹಾಗೂ ಅಲ್ಲ. ಊರವರೆಲ್ಲ ಅವಳ ಹೆಗಲ ಬೂದಿಯನ್ನು ನೋಡುತ್ತಲೇ ಇದ್ದರು, ಮುಟ್ಟಿ ನೋಡಿಕೊಳ್ಳಲು ಅವಳಿಗೇ ಇಷ್ಟು ದಿನ ಹಿಡಿಯಿತು.

ಜೂನ್ ಟಿಬೆಟ್ಸ್‌ಳನ್ನು ಕೇಳಿದರೆ ಸತ್ಯ ತಿಳಿಯುತ್ತದೆ. ಜೂನ್ ಅವಳ ಹಳೆಯ ಗೆಳತಿ. ಗಂಡ ಬಿಟ್ಟು ಹೋದ ವರ್ಷ ನಡೀನ್ ಎಷ್ಟೋ ಸಂಜೆಗಳನ್ನು ಅವಳ ಸೋಫಾದ ಮೇಲೆ ಅಳುತ್ತ ಕಳೆದಿದ್ದಳು. ಅವಳ ಮನೆಗೆ ಹೋದಾಗ ಒಳಗೆ ಟೀವಿಯಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ಜೂನ್ ಸದ್ದು ಅಡಗಿಸಿ, ಖಾರ ಹಚ್ಚಿದ ಮೊಟ್ಟೆಗಳ ತಟ್ಟೆಯನ್ನು ಮುಂದಿಟ್ಟು, ಕೇಳುವ ಮುಂಚೆಯೇ ಬರೆದಿಟ್ಟಿದ್ದ ಚೆಕ್ಕನ್ನು ಅವಳ ಕೈಗೆ ಕೊಟ್ಟು, ಆ ಕೈಯನ್ನು ಹಾಗೆಯೇ ಹಿಡಿದುಕೊಂಡಳು.

"ನಿಂಗೆ ಎಷ್ಟು ಕಷ್ಟ ಆಗ್ತಿರ್ಬೇಕು ಅಂತ ನಂಗೊತ್ತು ಕಣೆ. ಧೈರ್ಯ ಮಾಡಿದೀಯ. ನಾವೆಲ್ಲ ಅದನ್ನೇ ಮಾತಾಡ್ಕೋತಿದ್ವಿ."

"ಏನು ಧೈರ್ಯ?"

"ಅದೇ, ಎಮಿಲ್ ವಿಷಯ. ನಿನ್ನ ಬಾಯಲ್ಲಿ ಹೊರಡು ಅನ್ನೋಕಾಗಲ್ಲ, ಸಂಘದ ಬಾಯಲ್ಲಿ ಹೇಳಿಸ್ತಿದೀಯ. ತಪ್ಪೇನಿಲ್ಲ ಬಿಡು. ರಕ್ತಸಂಬಂಧ ಅಂದ್ರೆ ಹಾಗೇನೇ, ನಮ್ಮಣ್ಣ ಇದ್ದಾಗ ನಂಗೂ..."

"ಜೂನ್, ಇದು ಎಮಿಲ್ ಮೇಲಲ್ಲ."

"ಸರಿ ಸರಿ, ನೀನು ಹೇಳೋ ಹಾಗಿಲ್ಲ, ಗೊತ್ತು." ಜೂನ್ ಕಣ್ಣು ಮಿಟುಕಿಸಿದಳು. "ಟ್ರೇಲರ್ ವಿಷಯ ನಡೀನ್ ನೋಡ್ಕೋತಾಳೆ, ಯಾರೂ ಏನೂ ಅನ್ನೋದು ಬೇಡ ಅಂತ ಹೋಲಿಸ್ ಆಗ್ಲೇ ಹೇಳಿದಾನೆ. ಮೊಟ್ಟೆ ತಗೋ."

ನಡೀನ್ ಮೊಟ್ಟೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಕೋಪ ಬರಬೇಕಿತ್ತು, ಬರಲಿಲ್ಲ. ಟೀವಿಯಲ್ಲಿ ಹುಡುಗರು ಸದ್ದಿಲ್ಲದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜೂನ್ ಹೇಳಿದ್ದು ಸುಳ್ಳೆಂದು ಅವಳು ಆಣೆ ಮಾಡಿ ಹೇಳಬಲ್ಲಳು. ಆದರೆ ಅದನ್ನು ಕೇಳಿದ ಕೂಡಲೇ ತನ್ನೊಳಗೆ ಏನೋ ಹಗುರಾದದ್ದೂ ಅವಳಿಗೆ ತಿಳಿಯಿತು. ಹಾಗೂ ಮಾಡಬಹುದಲ್ಲವೇ ಎಂದು ಯಾರೋ ಕಿಟಕಿ ತೆರೆದಂತೆ ಆ ಹಗುರ. ಅವಳಿಗೆ ದಿಗಿಲಾಯಿತು. ಮಿಕ್ಕವರಿಂದ ಆದ ಆಘಾತಕ್ಕಿಂತ ಇದು ದೊಡ್ಡದಾಗಿತ್ತು. ಎದ್ದು ಹೊರಗೆ ಬಂದವಳು ಜೂನ್‌ಳ ಹುಲ್ಲಿನಲ್ಲಿ ಹಲಗೆ ಚುಚ್ಚುವುದನ್ನೂ ಮರೆತು, ನಡುರಸ್ತೆಯಿಂದ ಹಿಂದಿರುಗಿ ಚುಚ್ಚಿ ಹೋದಳು.

ಕೊನೆಗೆ ಉಳಿದದ್ದು ಓಡೆಲ್‌ನ ಮನೆ. ಅಲ್ಲಿಗೆ ಹೋಗದೆಯೂ ಇರಬಹುದಿತ್ತು. ಆದರೆ ಅವನ ಮನೆ ಅವಳ ಮನೆಗೆ ಎದುರೇ ಇತ್ತು, ಅವನು ಚಪ್ಪರದ ಕೆಳಗಿನಿಂದ ಆಗಲೇ ಕೈಬೀಸಿ ಕರೆಯುತ್ತಿದ್ದ. ಶನಿವಾರ ಸಂಜೆ ಅವನು ಮೀನು ಕರಿಯುವುದು, ಹೋಗಿಬರುವವರಿಗೆಲ್ಲ ಕಾಗದದ ತಟ್ಟೆಯಲ್ಲಿ ಕೊಡುವುದು ರೂಢಿ. ಹೋಲಿಸ್ ಕೂಡ ಎಷ್ಟೋ ಸಲ ಇದೇ ತಗಡಿನ ಕೆಳಗೆ ನಿಂತು ಬೆರಳು ನೆಕ್ಕಿಕೊಂಡಿದ್ದ. ಬಡಾವಣೆಯ ಬಾಗಿಲಲ್ಲಿರುವ ಹುಲ್ಲಿನ ದಿಣ್ಣೆಯನ್ನು ವರ್ಷವೆಲ್ಲ ಕತ್ತರಿಸುವವನೂ ಓಡೆಲ್. ಅದಕ್ಕೆ ಸಂಘ ಪೆಟ್ರೋಲಿನ ಖರ್ಚನ್ನೂ ಕೊಟ್ಟಿರಲಿಲ್ಲ.

"ಬನ್ನಿ ಮಿಸ್ ನಡೀನ್! ಬೆಳಗ್ಗೆಯಿಂದ ನೋಡ್ತಿದೀನಿ, ನಮ್ಮ ಮನೆ ಮಾತ್ರ ಬಿಟ್ಟು ಊರೆಲ್ಲ ಸುತ್ತಿದ್ರಲ್ಲ. ನಮ್ಮ ದುಡ್ಡು ದುಡ್ಡಲ್ವಾ?"

"ಹಾಗಲ್ಲ ಓಡೆಲ್, ನಿಮಗೆ ಯಾಕೆ ತೊಂದ್ರೆ ಅಂತ..."

"ಎಂಥಾ ತೊಂದ್ರೆ!" ಜೋಳದ ಹಿಟ್ಟು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋಗಿ ಚೆಕ್ಕು ಬರೆದು ತಂದ. ಅವಳು ನೋಡಬಾರದೆಂದುಕೊಂಡೂ ನೋಡಿದಳು. ಇವತ್ತು ಬಂದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ಆಗಿತ್ತು. ಮೂಲೆಯಲ್ಲಿ ಹಿಟ್ಟಿನ ಬೆರಳ ಗುರುತು ಮೂಡಿತ್ತು.

"ಯಾವ ಮನೆ ಅಂತ ಕೇಳಲ್ವಾ ನೀವು?" ಎಂದಳು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು.

"ನಂಗ್ಯಾಕೆ? ಸಂಘ ಅಂದ್ಮೇಲೆ ಕೊಡ್ಬೇಕು. ನಮ್ಮಪ್ಪ ಚರ್ಚಿಗೆ ಕೊಡ್ತಿದ್ದ, ಪಾದ್ರಿ ಮುಖ ನೋಡಿ ಕೊಡ್ತಿರ್ಲಿಲ್ಲ." ಅವನು ಬಾಣಲೆಯೊಳಗೆ ಮೀನು ಮಗುಚಿದ. "ಎಮಿಲ್‌ಗೆ ಒಂದು ಮಾತು ಹೇಳಿ, ಹೆದರ್ಬೇಡ ಅಂತ. ವಸಂತದಲ್ಲೇ ಬಂದಿದ್ರು, ಟ್ರೇಲರ್ ತೆಗೆಸೋಕೆ ಸಹಿ ಹಾಕು ಅಂತ. ಹೋಗ್ರಯ್ಯಾ, ಮನೆ ಕಳ್ಕೊಂಡವನ ಮೇಲೆ ನಾನು ಸಹಿ ಹಾಕಲ್ಲ ಅಂದೆ."

"ಯಾರು ಬಂದಿದ್ರು?"

"ಹೆಸರು ಹೇಳಲ್ಲಪ್ಪ. ನೀವೂ ಹೇಳ್ತಿಲ್ವಲ್ಲ!" ಗಟ್ಟಿಯಾಗಿ ನಕ್ಕ. "ನನ್ನ ಸ್ವಾರ್ಥವೂ ಇದೆ ಅನ್ನಿ. ಕಾರ್ಯದರ್ಶಿ ಮನೆ ಮುಂದೆ ಆ ಟ್ರೇಲರ್ ಇರೋತನಕ ನನ್ನ ಚಪ್ಪರದ ತಂಟೆಗೆ ಯಾರು ಬರ್ತಾರೆ? ಕಟ್ಟೋ ಮುಂಚೆ ಹೋಲಿಸ್‌ನ ಕೇಳಿದ್ದೆ. ನೋಡೋಣ ಅಂದ. ನೋಡೋಣ ಅಂದ್ರೆ ಆಗ್ಲಿ ಅಂತ ತಾನೇ?"

ಈಗ ಹೇಳಬೇಕು. ಓಡೆಲ್, ನಿಮ್ಮ ಮನೆಯೇ. ನಾನೇ ಕೈಯೆತ್ತಿದೆ. ವಾಕ್ಯ ನಾಲಗೆಯ ಮೇಲೆ ಸಿದ್ಧವಾಗಿತ್ತು, ಬಾಯಿಯೂ ತೆರೆದಿತ್ತು. ಅಷ್ಟರಲ್ಲಿ ಓಡೆಲ್ ಬಿಸಿ ಮೀನಿನ ತುಂಡೊಂದನ್ನು ಅವಳ ಕೈಗಿಟ್ಟ. ತೆರೆದ ಬಾಯಿಗೆ ಅದೇ ಹೋಯಿತು. "ಚೆನ್ನಾಗಿದೆ," ಎಂದಳು.

ಅವನ ಹುಲ್ಲಿನ ನೆಲ ಒಣಗಿ ಗಟ್ಟಿಯಾಗಿತ್ತು, ಹಲಗೆಯ ತಂತಿ ಬಾಗಿಹೋಯಿತು. ಅವನೇ ಸುತ್ತಿಗೆ ತಂದು, ತಂತಿಯನ್ನು ನೇರ ಮಾಡಿ, ಚಪ್ಪರದ ಕಂಬದ ಪಕ್ಕದಲ್ಲಿ ಬಡಿದು ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟ.

ರಸ್ತೆ ದಾಟುವಾಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಟ್ರೇಲರ್ ಇಲ್ಲಿಂದ ಕದಲಬಾರದು. ಓಡೆಲ್ ತಮಾಷೆಗೆ ಅಂದದ್ದೂ ವಕೀಲ ಅಂದದ್ದೂ ಒಂದೇ ಮಾತು. ಅದು ನಿಂತಿರುವಷ್ಟು ದಿನ ಚಪ್ಪರವೂ ನಿಂತಿರುತ್ತದೆ. ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ, ಸುಮ್ಮನೆ ಎಮಿಲ್ ಇದ್ದ ಹಾಗೆ ಇದ್ದರೆ ಸಾಕು. ಸುಮ್ಮನಿರುವುದರಿಂದಲೇ ಒಳ್ಳೆಯದಾಗುವಂಥ ಒಂದು ಕೆಲಸ ಸಿಕ್ಕಿತೆಂದು ಅವಳಿಗೆ ಸಮಾಧಾನವೂ ಆಯಿತು. ಹಗ್ಗದ ಮೇಲಿನ ಚಡ್ಡಿಯನ್ನು ಕಂಡಾಗ ಪ್ರೀತಿಯೇ ಉಕ್ಕಿತು. ಆಮೇಲೆ ಟ್ರೇಲರಿನ ಮೆಟ್ಟಿಲ ಪಕ್ಕದಲ್ಲಿ ಹಸಿರು ಹಲಗೆ ಕಂಡಿತು.

"ಹೋಲಿಸ್ ಬಂದಿದ್ದ," ಎಂದ ಎಮಿಲ್, ಬೀನ್ಸಿನ ಬುಟ್ಟಿಯಿಂದ ತಲೆಯೆತ್ತದೆ. ರೇಡಿಯೋದಲ್ಲಿ ಪೋಲ್ಕಾ ಕುಣಿತದ ವಾದ್ಯ ನುಡಿಸುತ್ತಿದ್ದರು. "ಇಪ್ಪತ್ತು ಡಾಲರ್ ಕೊಟ್ಟೆ. ಇಷ್ಟು ದಿನ ಪುಕ್ಕಟೆ ಇದೀನಿ, ನಂದೂ ಒಂದಿಷ್ಟು ಇರ್ಲಿ ಅಂತ. ಒಳ್ಳೆ ಮನುಷ್ಯ ಕಣೆ, ತುಂಬಾ ಹೊತ್ತು ಟ್ರೇಲರ್ ನೋಡ್ತಾ ನಿಂತಿದ್ದ, ಟೈರಿಗೆ ಗಾಳಿ ಸರಿಯಾಗಿದೆಯಾ ಅಂತ ಕೇಳ್ದ. ಅದಿರ್ಲಿ, ಯಾರೆ ಆ ಪಾಪಿ? ಯಾರ ಮನೆ?"

ಬೆಳಗಿನಿಂದ ಅವಳನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ಎಲ್ಲರೂ ತಾವೇ ಉತ್ತರ ಇಟ್ಟುಕೊಂಡಿದ್ದರು.

"ನಮ್ಮದು," ಎಂದಳು.

ಯಾಕೆ ಹಾಗೆಂದಳೋ. ಇಡೀ ದಿನದ ಎಲ್ಲ ಮುಖಗಳಿಗೂ ಒಟ್ಟಿಗೇ ಉತ್ತರ ಕೊಡಲು ಹೊರಟಿದ್ದಳೇನೋ. ಕಮಿಟಿಯ ಕಾಗದದಲ್ಲಿ ಹೆಸರಿರುವುದು ಓಡೆಲ್‌ನದು, ಜನರ ಕಣ್ಣಲ್ಲಿರುವುದು ನಮ್ಮದು, ಆದರೂ ನೀನು ಹೋಗಬೇಡ ಕಣೋ ಎಂದು ಪೂರ್ತಿ ಹೇಳುವವಳಿದ್ದಳು. ಎಮಿಲ್ ಕೈಚಾಚಿ ರೇಡಿಯೋ ಆರಿಸಿದ. ಅವನ ಮುಖದಲ್ಲಿ ಆಶ್ಚರ್ಯವಿತ್ತು, ಬೆನ್ನ ಹಿಂದಿನಿಂದ ಯಾರೋ ಹೊಡೆದರೆ ಮಕ್ಕಳ ಮುಖದಲ್ಲಿ ಬರುವಂಥ ಬರೀ ಆಶ್ಚರ್ಯ. ನಿಧಾನವಾಗಿ ಹಲಗೆಯ ಕಡೆಗೆ ನೋಡಿದ, ಅವಳ ಕಂಕುಳಲ್ಲಿ ಉಳಿದಿದ್ದ ಹಲಗೆಗಳ ಕಡೆಗೆ ನೋಡಿದ.

"ಟ್ರೇಲರ್ರಾ?" ಎಂದ. "ಇದಕ್ಕಾ ನೀನು ಬೆಳಗ್ಗೆಯಿಂದ ಬಿಸಿಲಲ್ಲಿ ತಿರುಗಿದ್ದು?"

ಅವಳು ಕಂಕುಳಿನ ಹಲಗೆಗಳನ್ನು ನೆಲಕ್ಕಿಳಿಸಿದಳು.

"ಮೊದ್ಲೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ನಡೀ. ನನ್ನ ಕಳಿಸೋಕೆ ಕೋರ್ಟು ಯಾಕೆ ಬೇಕಿತ್ತು?"

ಎಮಿಲ್ ಎದ್ದು ಒಳಚಡ್ಡಿಗಳನ್ನು ಹಗ್ಗದಿಂದ ತೆಗೆದ. ಟ್ರೇಲರಿನ ಬಾಗಿಲ ಮುಂದಿನ ಬಟ್ಟೆಯ ಮಾಡನ್ನು ಸುರುಳಿ ಸುತ್ತಿದ. ನೀರಿನ ಪೈಪು ಬಿಚ್ಚಿದ. ಹೊಳೆಯ ದಂಡೆಯಲ್ಲಿ ಜಾಗ ಇದ್ದೇ ಇದೆ, ಮನೆ ಹೋದರೂ ಮೆಟ್ಟಿಲು ಇದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ, ನಗಲು ಕೂಡ ನೋಡಿದ. ಬೇಡ, ನಿಲ್ಲಿಸು ಎನ್ನುವುದು ಎಷ್ಟು ಹೊತ್ತಿನ ಕೆಲಸ? ಅವಳು ನಿಂತು ನೋಡಿದಳು. ಅಡುಗೆಮನೆಯ ಕಿಟಕಿಯಿಂದ ವಯರನ್ನು ಎಳೆದುಕೊಟ್ಟಳು. ಅವನು ಟ್ರಕ್ಕಿಗೆ ಟ್ರೇಲರನ್ನು ಸಿಕ್ಕಿಸಿದ ಮೇಲೆ, ಯಾರೂ ಹೇಳದೆಯೇ ಬಗ್ಗಿ, ಗಾಲಿಯ ಕೆಳಗಿದ್ದ ಕಲ್ಲನ್ನು ಎರಡೂ ಕೈಯಿಂದ ಎಳೆದು ತೆಗೆದಳು. ಅದು ಬೆಚ್ಚಗಿತ್ತು. ನಾನು ಇದನ್ನು ಮಾಡುತ್ತಿದ್ದೇನೆ ಎಂದು ತಿಳಿದು ಅವಳು ತತ್ತರಿಸಿದಳು, ಆದರೂ ಕಲ್ಲನ್ನು ಹಿಂದಕ್ಕಿಡಲಿಲ್ಲ.

ಎದುರು ಮನೆಯಿಂದ ಓಡೆಲ್ ಕೈಯೊರೆಸಿಕೊಳ್ಳುತ್ತ ಓಡಿ ಬಂದ. "ಏನ್ ಎಮಿಲ್, ಎಲ್ಲಿಗೆ ಹೊರಟ್ರಿ?"

"ಹೊಳೆ ಕಡೆಗೆ. ಮೀನು ಹಿಡಿಯೋಕೆ," ಎಂದ ಎಮಿಲ್. ಅಕ್ಕನ ಕಡೆಗೆ ನೋಡಲಿಲ್ಲ.

"ಒಳ್ಳೇದಾಯ್ತು, ನಂಗೂ ತನ್ನಿ. ಇರಿ ಇರಿ, ಹಾಗೆ ಎಳೆದ್ರೆ ಅಂಚೆಪೆಟ್ಟಿಗೆಗೆ ತಾಗುತ್ತೆ." ಓಡೆಲ್ ರಸ್ತೆಯ ನಡುವೆ ನಿಂತು, ಬರುವ ಕಾರುಗಳನ್ನು ತಡೆದು, ಎರಡೂ ಕೈಯೆತ್ತಿ ದಾರಿ ತೋರಿಸಿದ. "ಎಡಕ್ಕೆ, ಇನ್ನೂ ಎಡಕ್ಕೆ... ಬರ್ಲಿ, ಬರ್ಲಿ... ಹಾಂ, ಹೋಗ್ಲಿ!" ಟ್ರೇಲರ್ ಮೆಲ್ಲಗೆ ಹೊರಗೆ ಬಂದು, ಹಸಿರು ಹಲಗೆಗಳ ಸಾಲಿನ ನಡುವೆ ಸಾಗಿ, ತಿರುವಿನಲ್ಲಿ ಮರೆಯಾಯಿತು. ಅದು ನಿಂತಿದ್ದ ಕಡೆ ಸಿಮೆಂಟು ಬೆಳ್ಳಗೆ ಉಳಿದಿತ್ತು.

ಓಡೆಲ್ ಅವಳ ಪಕ್ಕಕ್ಕೆ ಬಂದು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ತೆರವಾದ ಜಾಗವನ್ನು ನೋಡಿದ.

"ಎಮಿಲ್ ಬರೋತನಕ ನನ್ನ ಚಪ್ಪರ ಒಂದೇ ಆಯ್ತಲ್ಲಪ್ಪ," ಎಂದು ನಕ್ಕ. "ಆದ್ರೂ ಮಿಸ್ ನಡೀನ್, ನಿಮ್ಮ ಮನೆ ಈಗ ಎಷ್ಟು ದೊಡ್ಡದಾಗಿ ಕಾಣುತ್ತೆ ನೋಡಿ. ಅಲ್ವಾ?"

ಅವಳ ಹೆಗಲಿನ ಚೀಲದಲ್ಲಿ ಅವನ ಚೆಕ್ಕು ಇತ್ತು. ಹಲ್ಲಿನ ಡಾಕ್ಟರರ ಕಚೇರಿಯ ನಗು ಮುಖಕ್ಕೆ ಬಂದು ಕೂತಿತು.

"ಹೌದು," ಎಂದಳು. "ಚೆನ್ನಾಗಿದೆ."